ಮಿಗ್-21 ವಿಮಾನದ ಪ್ರತಿಕೃತಿ: ಮೂವತ್ತೆರಡರಲ್ಲೊಂದು ಅಳತೆಯ ಅಭ್ಯಾಸ

ಒಂದು ವಸ್ತುವನ್ನು ಅದರ ಅಂಗಾಂಗಗಳ ಪರಸ್ಪರ ಪ್ರಮಾಣವು ಕೆಡದಂತೆ ಕಿರಿದುಗೊಳಿಸಿ ರಚಿಸಿದರೆ ಅದು ಪ್ರತಿಕೃತಿಯೆನಿಸುತ್ತದೆ. ಆಟಿಕೆಗೂ ಪ್ರತಿಕೃತಿಗೂ ಇರುವ ಭೇದವನ್ನು ವಿದ್ಯಾರ್ಥಿಗಳು ಮೊದಲು ಮನಗಾಣಬೇಕು. ಆಟಿಕೆಯು ವಿಮಾನವನ್ನು ನೆನಪಿಗೆ ತಂದರೆ ಸಾಕು. ಪ್ರತಿಕೃತಿಯಾದರೋ ಅಳತೆಗೋಲಿಗೆ ಉತ್ತರ ಹೇಳತಕ್ಕದ್ದು. ಇದು ಕೇವಲ ಬಿಡುವಿನ ವಿನೋದವೆಂದು ಭಾವಿಸುವವರು ಒಂದು ಸಂಗತಿಯನ್ನು ತಿಳಿಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆಯು ಆ ದೇಶದ ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ ಐದು ಲಕ್ಷ ವಿಮಾನಪ್ರತಿಕೃತಿಗಳನ್ನು ಅಪೇಕ್ಷಿಸಿತು. ಆಕಾಶದಲ್ಲಿ ಕಾಣುವ ವಿಮಾನವು ಸ್ವಪಕ್ಷದ್ದೋ ಶತ್ರುವಿನದೋ ಎಂದು ಕ್ಷಣಮಾತ್ರದಲ್ಲಿ ಗುರುತಿಸಲು ಸೈನಿಕರಿಗೆ ಅವು ಬೇಕಾಗಿದ್ದುವು. ಮರದಲ್ಲಿ ಕೆತ್ತಿದ ಆ ಪ್ರತಿಕೃತಿಗಳ ಅಳತೆ ಎಪ್ಪತ್ತೆರಡರಲ್ಲೊಂದು. ಎಂದರೆ ಆರು ಅಡಿಗೆ ಒಂದು ಅಂಗುಲ. ಆ ಅಳತೆ ಇಂದಿಗೂ ಬಳಕೆಯಲ್ಲಿದೆ.

ಇಲ್ಲಿ ನಾವು ತೆಗೆದುಕೊಳ್ಳುವುದು ಅದಕ್ಕಿಂತ ದೊಡ್ಡದಾದ ಮೂವತ್ತೆರಡರಲ್ಲೊಂದು ಅಳತೆಯನ್ನು, ವಿಮಾನವು ಮಿಗ್-21. ಸೋವಿಯೆತ್ ದೇಶದಲ್ಲಿ ರೂಪುಗೊಂಡ ಈ ಯುದ್ಧವಿಮಾನವು 1963ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿ, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ಇದರ ಒಡಲನ್ನು ನಮ್ಮ ಮುಂಬಯಿಗೆ ದೂರವಲ್ಲದ ನಾಸಿಕದ ಬಳಿಯ ಓಝರಿನಲ್ಲಿಯೂ, ಎಂಜಿನನ್ನು ಒಡಿಶಾದ ಕೋರಾಪುಟದಲ್ಲಿಯೂ ತಯಾರಿಸಿತು. ಇನ್ನು ಮುಂದೆ ಇದನ್ನು ಹಾರುವಾಗ ನೋಡುವ ಅವಕಾಶ ನಮ್ಮ ಮಕ್ಕಳಿಗಿಲ್ಲ. ಆದುದರಿಂದ ಪ್ರತಿಕೃತಿಯು ತಪ್ಪು ಹೇಳಿದರೆ ತಿದ್ದುವ ಕಣ್ಣುಗಳು ವರ್ಷ ವರ್ಷಕ್ಕೂ ಕಡಮೆಯಾಗುತ್ತವೆ.

ಮೊದಲು ಗಣಿತ. ನಿಜ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 7.15 ಮೀಟರ್, 32ರಿಂದ ಭಾಗಿಸಿದರೆ 22 ಸೆಂಟಿಮೀಟರಿಗೆ ತುಸು ಹೆಚ್ಚು. ರೆಕ್ಕೆಯ ಕ್ಷೇತ್ರಫಲ 23 ಚದರ ಮೀಟರ್. ಇದನ್ನು 32ರ ವರ್ಗವಾದ 1,024ರಿಂದ ಭಾಗಿಸತಕ್ಕದ್ದು. ಬರುವುದು ಸುಮಾರು 225 ಚದರ ಸೆಂಟಿಮೀಟರ್. ತೂಕಕ್ಕಾದರೋ ಘನವನ್ನು ಹಿಡಿಯಬೇಕು. ಸಜ್ಜಾದ ವಿಮಾನವು ಸುಮಾರು 8,700 ಕಿಲೋಗ್ರಾಂ ತೂಗುತ್ತದೆಂದರೆ, 32,768ರಿಂದ ಭಾಗಿಸಿದಾಗ 265 ಗ್ರಾಂ ಮಾತ್ರ! ಉದ್ದ, ಕ್ಷೇತ್ರ, ಘನ ಇವು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವೆಂಬ ಪಾಠವು ಕರಿಹಲಗೆಯ ಮೇಲಿಗಿಂತ ಇಲ್ಲಿ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ಇದೇ ಗಣಿತವು ಪೆಟ್ಟಿಗೆಯಲ್ಲಿ ಬರುವ ಭಾಗಗಳ ದೋಷವನ್ನೂ ತೋರಿಸಿಕೊಡುತ್ತದೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿ ಈ ಭಾಗಗಳನ್ನು ಎರಕ ಹೊಯ್ಯುತ್ತಾರೆ. ತೀರ ತೆಳುವಾದ ಜಾಗಕ್ಕೆ ಕರಗಿದ ಪ್ಲಾಸ್ಟಿಕ್ ಹರಿಯದು. ಆದಕಾರಣ ಚಕ್ರದ ಕುಳಿಯನ್ನು ಮುಚ್ಚುವ ಕದವು ಒಂದು ಮಿಲಿಮೀಟರ್ ದಪ್ಪವಿದ್ದರೆ, ನಿಜ ಪ್ರಮಾಣದಲ್ಲಿ ಅದು 32 ಮಿಲಿಮೀಟರ್. ಕೋಟೆಯ ಬಾಗಿಲಿಗೆ ಒಪ್ಪೀತು, ವಿಮಾನಕ್ಕೆ ಒಪ್ಪದು. ಕದದ ಅಂಚನ್ನು ಒಳಬದಿಯಿಂದ ಉಪ್ಪುಕಾಗದದಲ್ಲಿ ಓರೆಯಾಗಿ ಉಜ್ಜಿದರೆ ಹೊರಗೆ ಕಾಣುವ ಅಂಚು ತೆಳುವಾಗಿ ಕಣ್ಣು ನಂಬುತ್ತದೆ. ಚಿಕ್ಕ ಅಳತೆಯಲ್ಲಿ ಈ ಕೆಲಸವನ್ನು ಬಿಟ್ಟರೂ ನಡೆದೀತು. ದೊಡ್ಡ ಅಳತೆಯಲ್ಲಿ ಮರೆಯೆಂಬುದೇ ಇಲ್ಲ.

ಯಾವ ಮಿಗ್-21 ಎಂಬುದನ್ನು ಆರಂಭದಲ್ಲಿಯೇ ನಿಶ್ಚಯಿಸಬೇಕು. ನಮ್ಮ ವಾಯುಪಡೆಯ ಎಫ್.ಎಲ್. ಮಾದರಿಗೆ ಬೆನ್ನು ಸಪೂರ, ಒಡಲಿನೊಳಗೆ ಫಿರಂಗಿಯಿಲ್ಲ. ಚಾಲಕನ ಮುಂಗಾಜು ಮತ್ತು ಮೇಲ್ಮುಚ್ಚಳ ಒಂದಾಗಿ ಮುಂದಕ್ಕೆ ತೆರೆಯುತ್ತವೆ. ಅನಂತರದ ಎಂ. ಮಾದರಿಗೆ ಬೆನ್ನು ಉಬ್ಬು, ಹೊಟ್ಟೆಯಡಿ ಜೋಡಿ ನಳಿಗೆಯ 23 ಮಿಲಿಮೀಟರ್ ಫಿರಂಗಿ. ಮುಂಗಾಜು ಸ್ಥಿರ, ಮುಚ್ಚಳವು ಬಲಕ್ಕೆ ಮಗುಚುತ್ತದೆ. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರರ ಭವನದ ಮೇಲೆ ರಾಕೆಟ್ಟುಗಳನ್ನು ಹಾರಿಸಿದ ಮಿಗ್-21ಗಳು ಎಫ್.ಎಲ್. ಮಾದರಿಯವು. ಉಬ್ಬಿದ ಬೆನ್ನಿನ ವಿಮಾನಕ್ಕೆ ಆ ದಿನದ ಗುರುತುಗಳನ್ನು ಹಚ್ಚಿದರೆ ಅದು ಚರಿತ್ರೆಗೆ ಮಾಡಿದ ಅಪಚಾರ. ಪೆಟ್ಟಿಗೆಯ ಮೇಲಿನ ಚಿತ್ರವನ್ನು ನಂಬದೆ ನಿಜ ವಿಮಾನದ ಛಾಯಾಚಿತ್ರಗಳನ್ನು, ಸಾಧ್ಯವಾದರೆ ಒಂದೇ ವಿಮಾನದ ಎಡಬಲ ಎರಡೂ ಪಾರ್ಶ್ವಗಳನ್ನು, ಮುಂದಿಟ್ಟುಕೊಳ್ಳುವುದು ಲೇಸು.

ಕೆಲಸವು ಕಾಕ್‌ಪಿಟ್ಟಿನಿಂದ ತೊಡಗುತ್ತದೆ. ಒಡಲಿನ ಎರಡು ಹೋಳುಗಳು ಕೂಡಿದ ಮೇಲೆ ಅಲ್ಲಿಗೆ ಕೈ ಹೋಗದು. ಸೋವಿಯೆತ್ ಯುದ್ಧವಿಮಾನಗಳ ಒಳಗೋಡೆಗೆ ನೀಲಿಯೂ ಹಸುರೂ ಬೆರೆತ ಒಂದು ವಿಶಿಷ್ಟ ವರ್ಣ. ಅದರ ನಡುವೆ ಕಪ್ಪು ಮುಖದ ಮಾಪಕಗಳು, ಗುಂಡಿಗಳು, ನಡುವಿನ ಹಿಡಿಕೋಲು. ಆಸನದ ಪಟ್ಟಿಗಳನ್ನು ತೆಳುವಾದ ಸೀಸದ ತಗಡಿನಿಂದ ಕತ್ತರಿಸಿ ಮಾಡಿದರೆ ಬಟ್ಟೆಯಂತೆಯೇ ಮಡಿಯುತ್ತವೆ. ಕೆಲಸ ಮುಗಿದೊಡನೆ ಕೈತೊಳೆಯುವುದು ಅವಶ್ಯ. ಬಳಿಕ, ಸುಮಾರು ಐದೂಕಾಲು ಸೆಂಟಿಮೀಟರ್ ಎತ್ತರದ ಮನುಷ್ಯನು ಇದರೊಳಗೆ ಕುಳಿತನೆಂದು ಊಹಿಸಿರಿ. ಎರಡು ಭುಜಗಳೂ ಗೋಡೆಗೆ ತಾಗುವಷ್ಟು ಇಕ್ಕಟ್ಟು. ಮುಂದೆ ನೋಡಲು ದಪ್ಪ ಚೌಕಟ್ಟಿನ ಮುಂಗಾಜು, ಅದಕ್ಕೂ ಅಡ್ಡವಾಗಿ ಗುರಿಯಂತ್ರ. ಇಂಥ ಕಂಡಿಯಿಂದ ಇಣುಕುತ್ತ, ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲಕ್ಕಿಳಿಯಬೇಕಾಗಿತ್ತು. ಹಾಕ್ ಎಂಬ ತರಬೇತಿ ವಿಮಾನವು 2008ರಲ್ಲಿ ವಾಯುಪಡೆಗೆ ಸೇರುವ ಮುನ್ನ, ಎಷ್ಟೋ ತರುಣರು ಮಂದಗತಿಯ ವಿಮಾನಗಳಲ್ಲಿ ಕಲಿತು ನೇರವಾಗಿ ಇದನ್ನೇರಿದರು; ಅವರಲ್ಲಿ ಅನೇಕರು ಹಿಂದಿರುಗಲಿಲ್ಲ. ಈ ಆಸನವನ್ನು ಅವಸರದಿಂದ ಬಳಿದು ಮುಗಿಸಲು ನನ್ನ ಕೈ ಒಪ್ಪುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೂ ಒಪ್ಪಗೊಡುವುದಿಲ್ಲ.

ಇನ್ನು ಜೋಡಣೆ. ಪಾಲಿಸ್ಟೈರೀನಿನ ದ್ರವ ಅಂಟು ನಿಜವಾಗಿ ಅಂಟಲ್ಲ. ಅದು ಎರಡು ಅಂಚುಗಳನ್ನೂ ಕರಗಿಸಿ ಬೆಸೆದು, ತಾನು ಆವಿಯಾಗಿ ಹೋಗುತ್ತದೆ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು. ಮಿಗ್-21ರ ಒಡಲು ಕೊಳವೆಯಂತಿರುವುದರಿಂದ ಕೂಡುಗೀರು ಮೇಲೂ ಕೆಳಗೂ ಉದ್ದಕ್ಕೆ ಹಾಯುತ್ತದೆ. ಪುಟ್ಟಿ ತುಂಬಿ, ಒಣಗಿದ ಮೇಲೆ 400, 600, 1000 ಎಂದು ಕ್ರಮವಾಗಿ ನಯವಾಗುವ ಉಪ್ಪುಕಾಗದಗಳಿಂದ ನೀರು ಹಚ್ಚಿ ತಿಕ್ಕಿದರೆ ಗೀರು ಮಾಯವಾಗುವುದು. ಅಳಿಸಿಹೋದ ತಗಡಿನ ಗೆರೆಗಳನ್ನು ಸೂಜಿಯಿಂದ ಮತ್ತೆ ಗೀಚಬೇಕು. ಮೂಗಿನ ಶಂಕುವನ್ನು ಕೂಡಿಸುವ ಮುನ್ನ ಅದರೊಳಗೆ ಸೀಸದ ಗುಂಡುಗಳನ್ನು ತುಂಬಲು ಮರೆಯಬಾರದು. ಇಲ್ಲವಾದರೆ ವಿಮಾನವು ಬಾಲದ ಮೇಲೆ ಕುಳಿತುಬಿಡುತ್ತದೆ. ನಿಜ ವಿಮಾನದಲ್ಲಿ ಆ ಶಂಕುವಿನೊಳಗೆ ಇದ್ದದ್ದು ರಾಡಾರ್. ವೇಗವು ಹೆಚ್ಚಿದಂತೆ ಶಂಕುವು ಮುಂದಕ್ಕೆ ಸರಿದು ಎಂಜಿನ್ನಿಗೆ ಹೋಗುವ ಗಾಳಿಯನ್ನು ಹದಗೊಳಿಸುತ್ತಿತ್ತು. ನಿಂತ ವಿಮಾನವನ್ನು ತೋರಿಸುವುದಾದರೆ ಶಂಕುವು ಒಳಕ್ಕೆ ಸರಿದಿರತಕ್ಕದ್ದು.

ಬಣ್ಣದ ವಿಷಯದಲ್ಲಿ ಬರಿಯ ಲೋಹದ ಮೈಯೇ ಕಠಿಣ. ಹೊಳಪಿನ ಕಪ್ಪನ್ನು ತಳಕ್ಕೆ ಹಚ್ಚಿ ಅದರ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ತೆಳ್ಳಗೆ ಸಿಂಪಡಿಸಿದರೆ ಲೋಹದ ಕಾಂತಿ ಬರುತ್ತದೆ. ಎಲ್ಲ ತಗಡುಗಳೂ ಒಂದೇ ಬಗೆಯಾಗಿ ಹೊಳೆಯಬಾರದು. ಬೆಂಕಿಯುಗುಳುವ ಹಿಂಬಾಯಿಯ ಸುತ್ತ ಲೋಹವು ಸುಟ್ಟು ಕಪ್ಪಿಡುತ್ತದೆ. ಮೂಗಿನ ಶಂಕುವಿಗೂ ಬಾಲದ ನೆತ್ತಿಗೂ ಹಸುರು. ವೃತ್ತಲಾಂಛನದಲ್ಲಿ ಕೇಸರಿ ಹೊರಗೆ, ಬಿಳಿ ನಡುವೆ, ಹಸುರು ಒಳಗೆ. ಈ ಡೆಕಾಲುಗಳನ್ನು ನೀರಿನಲ್ಲಿ ನೆನೆಸಿ, ನಯವಾದ ಮೈಮೇಲೆಯೇ ಜಾರಿಸಬೇಕು. ಒರಟು ಮೈಯಾದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಕೊಳೆ, ಎಣ್ಣೆಯ ಕಲೆಗಳನ್ನು ಇತ್ತೀಚೆಗೆ ಕೆಲವರು ಧಾರಾಳವಾಗಿ ಬಳಿಯುತ್ತಾರೆ. ದಿನದಿನವೂ ಮೆಕ್ಯಾನಿಕ್ಕುಗಳು ಒರೆಸಿ ನೋಡಿಕೊಂಡ ಯಂತ್ರವು ಗುಜರಿಯಂತೆ ಕಾಣುವುದು ನನಗಂತೂ ಸಮ್ಮತವಲ್ಲ.

ಗಾಜಿನ ಭಾಗಗಳಿಗೆ ಬಿಳಿಯ ಗೋಂದನ್ನೇ ಬಳಸಿರಿ. ಕ್ಷಣದಲ್ಲಿ ಹಿಡಿಯುವ ಅಂಟಿನ ಆವಿಯು ಗಾಜನ್ನು ಮಂಜುಗವಿಸುತ್ತದೆ. ಮೂಗಿನ ಮೇಲಿಂದ ಮುಂಚಾಚುವ ವೇಗಮಾಪಕದ ನಳಿಗೆಯನ್ನು ಎಲ್ಲಕ್ಕಿಂತ ಕಡೆಗೆ ಕೂಡಿಸತಕ್ಕದ್ದು, ಏಕೆಂದರೆ ಅಂಗಿಯ ತೋಳು ಮೊದಲು ಸಿಕ್ಕಿಕೊಳ್ಳುವುದೇ ಅದಕ್ಕೆ. ಎಫ್.ಎಲ್. ಮಾದರಿಯಲ್ಲಿ ಅದು ಮೂಗಿನ ನೆತ್ತಿಯ ನಟ್ಟನಡುವೆ ಇರುತ್ತದೆ, ಎಂ. ಮಾದರಿಯಲ್ಲಿ ಚಾಲಕನ ಬಲಕ್ಕೆ ಸರಿದಿರುತ್ತದೆ.