ಆಕ್ಸಲ್ ಸದ್ದು ಬಂದಮೇಲೆ ಗ್ರೀಸ್ ಸಾಕೇ?

ಪ್ರಶ್ನೆ: ನಮ್ಮದು ಒಂಬತ್ತು ವರ್ಷದ ಚಿಕ್ಕ ಕಾರು. ತೋಟದ ರಸ್ತೆಯಲ್ಲಿ ದಿನವೂ ಓಡಾಟ. ಮೂರು ತಿಂಗಳಿಂದ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಹೊರಟರೆ ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು. ಬೂಟ್ ಹಾಕಿ ಗ್ರೀಸ್ ತುಂಬಿದರೆ ಸಾಕು ಎಂದು ಊರಿನ ಮೆಕ್ಯಾನಿಕ್ ಹೇಳುತ್ತಾರೆ. ಆಕ್ಸಲನ್ನೇ ಬದಲಿಸಬೇಕು ಎಂದು ಶಿವಮೊಗ್ಗದ ಗ್ಯಾರೇಜಿನವರು. ಯಾರ ಮಾತು ಕೇಳಲಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ಶಿವಮೊಗ್ಗದವರ ಮಾತು ಕೇಳಿ. ಊರಿನ ಮೆಕ್ಯಾನಿಕ್ ಹೇಳಿದ್ದು ತಪ್ಪೇನಲ್ಲ, ಆದರೆ ಅದು ಸದ್ದು ಹುಟ್ಟುವ ಮುಂಚೆ ಆಗಬೇಕಿದ್ದ ಕೆಲಸ.

ಗ್ಯಾರೇಜಿನಲ್ಲಿ ಆಕ್ಸಲ್ ಅನ್ನುವುದು ಡ್ರೈವ್‌ಶಾಫ್ಟನ್ನೇ, ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ ಚಕ್ರಕ್ಕೆ ಒಯ್ಯುವ ಉಕ್ಕಿನ ಸರಳನ್ನು. ಈ ಸರಳಿನ ಪಾಡು ಸುಲಭದ್ದಲ್ಲ. ಚಕ್ರ ಹಳ್ಳಕ್ಕಿಳಿದು ಮೇಲೇಳಬೇಕು, ತಿರುವಿನಲ್ಲಿ ಓರೆಯಾಗಬೇಕು, ಅಷ್ಟರಲ್ಲೂ ಒಂದೇ ವೇಗದಲ್ಲಿ ಸುತ್ತುತ್ತಿರಬೇಕು. ಅಂಬಾಸಿಡರ್, ಬೊಲೆರೋಗಳ ಪ್ರೊಪೆಲ್ಲರ್ ಶಾಫ್ಟಿನಲ್ಲಿರುವ ‘ಕ್ರಾಸ್’ ಜಾಯಿಂಟು ಇಲ್ಲಿ ನಡೆಯುವುದಿಲ್ಲ. ಒಂದೇ ಕ್ರಾಸ್ 30 ಡಿಗ್ರಿ ಬಾಗಿದರೆ, ಒಳಬರುವ ವೇಗ ಸಮವಾಗಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಸುಮಾರು ಶೇ 15ರಷ್ಟು ಏರಿ, ಶೇ 13ರಷ್ಟು ಇಳಿಯುತ್ತದೆ. ಸ್ಟೀರಿಂಗ್ ಕೈಯಲ್ಲಿ ಕುಣಿಯಲು ಅಷ್ಟು ಸಾಕು. ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡರು. ಬಟ್ಟಲಿನಂಥ ಉಕ್ಕಿನ ಚಿಪ್ಪು, ಒಳಗೆ ಆರು ಗುಂಡು, ಅವು ಜಾರಲು ಕೊರೆದ ತೋಡು. ಎಷ್ಟೇ ಬಾಗಿದರೂ ಗುಂಡುಗಳು ಎರಡು ಸರಳುಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಜಾಗದಲ್ಲೇ ಕೂರುತ್ತವೆ, ಆದ್ದರಿಂದ ವೇಗ ಏರುಪೇರಾಗುವುದಿಲ್ಲ. ಇದೇ ಸಿ.ವಿ. ಜಾಯಿಂಟ್. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಮೇಲೆ ನಮ್ಮ ಗ್ಯಾರೇಜುಗಳಿಗೆ ಇದು ದಿನನಿತ್ಯದ ಸಂಗತಿಯಾಯಿತು.

ಇಷ್ಟು ಸೊಗಸಾದ ಜಾಯಿಂಟು ತಾನಾಗಿ ಕೆಡುವುದು ಅಪರೂಪ. ಅದನ್ನು ಮುಚ್ಚಿರುವ, ಹಾರ್ಮೋನಿಯಂ ತಿದಿಯಂತೆ ಮಡಿಕೆಮಡಿಕೆಯಾದ ರಬ್ಬರ್ ಬೂಟ್ ಮೊದಲು ಹರಿಯುತ್ತದೆ. ಒಂದು ಕಡ್ಡಿ ಚುಚ್ಚಿದರೂ ಸಾಕು. ಸುತ್ತುವ ರಭಸಕ್ಕೆ ಕಪ್ಪು ಗ್ರೀಸ್ ಹೊರಗೆ ಸಿಡಿದು ಚಕ್ರದ ಒಳಮೈಗೆ ಅಂಟುತ್ತದೆ. ಆ ಜಾಗಕ್ಕೆ ಕೆಸರು, ಮರಳು, ನೀರು ನುಗ್ಗುತ್ತವೆ. ಮಲೆನಾಡಿನ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಆರು ಗುಂಡುಗಳಿಗೆ ಗ್ರೀಸಿನ ಬದಲು ಅರೆಯುವ ಪುಡಿಯೇ ಸಿಕ್ಕಿರುತ್ತದೆ. ತೋಡಿನ ಗಟ್ಟಿ ಮೇಲ್ಪದರ ತೀರ ತೆಳು. ಅದರಲ್ಲಿ ಗುಳಿ ಬಿತ್ತೆಂದರೆ ಗುಂಡು ಆ ಗುಳಿಗೆ ಬಿದ್ದೇಳುವ ಸದ್ದೇ ನೀವು ಕೇಳುತ್ತಿರುವ ಕಟಕಟ. ಹೊಸ ಗ್ರೀಸ್ ಹಾಕಿದರೆ ಕೆಲವು ದಿನ ಸದ್ದು ಅಡಗಬಹುದು. ಗುಳಿ ತುಂಬುವುದಿಲ್ಲ.

ಬೂಟ್ ಹರಿದದ್ದು ಬೇಗ ಕಣ್ಣಿಗೆ ಬಿದ್ದು, ಸದ್ದಿಲ್ಲದಿದ್ದರೆ ಜಾಯಿಂಟನ್ನು ಬಿಚ್ಚಿ ತೊಳೆದು, ತೋಡು ನುಣುಪಾಗಿದೆಯೇ ನೋಡಿ, ಹೊಸ ಬೂಟ್ ಹಾಕಿಸಿದರೆ ಕೆಲಸ ಮುಗಿಯಿತು. ಅದರ ಖರ್ಚು ನೂರುಗಳ ಲೆಕ್ಕ, ಆಕ್ಸಲಿನದು ಸಾವಿರಗಳ ಲೆಕ್ಕ. ಗ್ರೀಸ್ ಮಾತ್ರ ಬೂಟ್ ಕಿಟ್ಟಿನ ಜೊತೆ ಬರುವ ಮಾಲಿಬ್ಡಿನಂ ಬೆರೆತ ಕಪ್ಪು ಗ್ರೀಸೇ ಆಗಬೇಕು. ಪ್ಯಾಕೆಟ್ ಪೂರ್ತಿ ಬಳಸಬೇಕು. ಅಂಟಿಸಿ ಹಾಕುವ ಸೀಳು ಬೂಟುಗಳು ಬಾಳಿಕೆ ಬಂದದ್ದನ್ನು ನಾನು ಕಂಡಿಲ್ಲ.

ಬದಲಿಸುವ ಮುಂಚೆ ಸದ್ದಿನ ಮೂಲ ಖಚಿತಪಡಿಸಿಕೊಳ್ಳಿ. ಖಾಲಿ ಬಯಲಿನಲ್ಲಿ ಸ್ಟೀರಿಂಗ್ ತುದಿಯವರೆಗೆ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುವುದರಿಂದ ಸಾಮಾನ್ಯವಾಗಿ ಬಲಗಡೆಯ ಹೊರ ಜಾಯಿಂಟೇ, ಅಂದರೆ ಚಕ್ರದ ಕಡೆಯದೇ, ದೋಷಿ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಾರು ನಡುಗಿದರೆ ಗೇರ್‌ಬಾಕ್ಸಿನ ಕಡೆಯ ಒಳ ಜಾಯಿಂಟನ್ನು ನೋಡಿಸಬೇಕು. ವೇಗದ ಜೊತೆ ಏರುವ ‘ಗುಂಯ್’ ಸದ್ದು ಆಕ್ಸಲಿನದಲ್ಲ, ಹೆಚ್ಚಾಗಿ ವೀಲ್ ಬೇರಿಂಗಿನದು.

‘ಸದ್ದು ಬಂದರೆ ಬರಲಿ, ಕಾರು ಓಡುತ್ತಿದೆಯಲ್ಲ’ ಎಂದು ದೂಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಜಾಯಿಂಟ್ ಮುರಿದರೆ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಆ ಮುರಿದ ಕಡೆಗೇ ಸುರಿಯುತ್ತದೆ. ಕಾರು ಮುಂದೆ ಹೋಗದು. ಘಾಟಿಯಲ್ಲಿ ಇಳಿಯುತ್ತಿದ್ದರೆ ಎಂಜಿನ್ನಿನ ತಡೆಯೂ ಇಲ್ಲವಾಗುತ್ತದೆ. ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸಿದರೂ, ಆಟೋಮ್ಯಾಟಿಕ್ ಕಾರನ್ನು ಪಾರ್ಕಿಂಗ್‌ಗೆ ಹಾಕಿದರೂ ಕಾರು ನಿಲ್ಲದು. ಹ್ಯಾಂಡ್‌ಬ್ರೇಕ್ ಒಂದೇ ಆಸರೆ. ನೀವಿರುವುದು ಆಗುಂಬೆ ಘಾಟಿಯ ಹತ್ತಿರ.

ಆಕ್ಸಲ್ ಪೂರ್ತಿಯೇ ಬೇಕೇ? ಹೊರ ಜಾಯಿಂಟ್ ಮಾತ್ರ ಬಿಡಿಯಾಗಿ ಸಿಕ್ಕಿ, ಒಳ ಜಾಯಿಂಟ್ ಚೆನ್ನಾಗಿದ್ದರೆ ಅಷ್ಟನ್ನೇ ಹಾಕಿಸಬಹುದು. ಒಂಬತ್ತು ವರ್ಷದ ಕಾರಿಗೆ ಪೂರ್ತಿ ಶಾಫ್ಟೇ ಮೇಲು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವುದಾದರೆ ಎಡ–ಬಲ ಹೇಳಿಯೇ ತರಿಸಿ. ಗೇರ್‌ಬಾಕ್ಸ್ ಒಂದು ಬದಿಗಿರುವ ಕಾರುಗಳಲ್ಲಿ ಎರಡರ ಉದ್ದ ಸಾಮಾನ್ಯವಾಗಿ ಬೇರೆ. ತುದಿಯ ಹಲ್ಲುಗಳ ಸಂಖ್ಯೆ ಹಳೆಯದಕ್ಕೆ ಹೊಂದಬೇಕು. ಕೆಲವು ಎಬಿಎಸ್ ಕಾರುಗಳಲ್ಲಿ ಜಾಯಿಂಟಿನ ಮೇಲೇ ಹಲ್ಲಿನ ಬಳೆ ಇರುತ್ತದೆ, ಅದನ್ನೂ ಎಣಿಸಿ. ಮುರಿದ ಶಾಫ್ಟಿಗೆ ಬೆಸುಗೆ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಡಿ.

ಕೆಲಸ ನಡೆಯುವಾಗ ಹತ್ತಿರವಿರಿ. ಹಳೆಯ ಹಬ್ ನಟ್ ಮತ್ತೆ ಬಳಸಬಾರದು, ಹೊಸದನ್ನು ಟಾರ್ಕ್ ವ್ರೆಂಚಿನಲ್ಲಿ ಸರ್ವಿಸ್ ಪುಸ್ತಕದ ಅಳತೆಗೇ ಬಿಗಿಯಬೇಕು. ಗೇರ್‌ಬಾಕ್ಸಿನ ಆಯಿಲ್ ಸೀಲ್ ಬದಲಿಸಿ, ಸೋರಿದಷ್ಟು ಆಯಿಲ್ ತುಂಬಬೇಕು. ಆಕ್ಸಲ್ ತೆಗೆದ ಕಾರನ್ನು ಚಕ್ರದ ಮೇಲೆ ತಳ್ಳಿ ಆಚೀಚೆ ಮಾಡಿದರೆ ವೀಲ್ ಬೇರಿಂಗ್ ಹಾಳಾಗಬಹುದು. ಕಾರು ಜಾಕಿನ ಮೇಲಿರುವಾಗಲೇ ಎಡಗಡೆಯ ಎರಡು ಬೂಟುಗಳನ್ನೂ ಟಾರ್ಚ್ ಹಾಕಿ, ಮಡಿಕೆ ಬಿಡಿಸಿ ನೋಡಿ. ಅಲ್ಲಿ ಬಿರುಕಿದ್ದರೆ ನಿಮ್ಮ ಊರಿನ ಮೆಕ್ಯಾನಿಕ್ ಹೇಳಿದ ಕೆಲಸವನ್ನು ಆ ಬದಿಗೆ ಈಗಲೇ ಮಾಡಿಸಬಹುದು.