ಹವಳದ ದಿಬ್ಬಗಳಲ್ಲಿ ಮೀನುಗಣತಿ

ಎಣಿಕೆಯಿಲ್ಲದೆ ಶಾಸ್ತ್ರವಿಲ್ಲ. ಒಂದು ಊರಿನಲ್ಲಿ ಎಷ್ಟು ಜನರಿದ್ದಾರೆಂಬುದನ್ನು ತಿಳಿಯಬೇಕಾದರೆ ಗಣತಿದಾರನು ಮನೆಮನೆಯ ಬಾಗಿಲಿಗೆ ಹೋಗಿ ವಿಚಾರಿಸುತ್ತಾನೆ. ಒಂದು ತೋಪಿನಲ್ಲಿ ಎಷ್ಟು ಮಾವಿನ ಮರಗಳಿವೆಯೆಂಬುದನ್ನು ಒಂದೊಂದು ಮರಕ್ಕೂ ಸುಣ್ಣದ ಗುರುತು ಹಾಕುತ್ತ ಹೋಗಿ ಎಣಿಸಬಹುದು. ಆದರೆ ಎಣಿಸಬೇಕಾದ ಪ್ರಾಣಿ ನೀರಿನೊಳಗಿದ್ದು, ಕ್ಷಣಕಾಲವೂ ಒಂದೆಡೆ ನಿಲ್ಲದೆ, ಎಣಿಸುವವನನ್ನು ಕಂಡೊಡನೆ ಓಡಿಹೋಗುವ ಸ್ವಭಾವದ್ದಾದರೆ ಏನು ಮಾಡಬೇಕು? ಹವಳದ ದಿಬ್ಬಗಳಲ್ಲಿ ವಾಸಿಸುವ ಮೀನುಗಳನ್ನೂ, ಅದರಲ್ಲಿಯೂ ಶಾರ್ಕುಗಳನ್ನೂ ಕುರಿತು ಅಭ್ಯಾಸಮಾಡುವವರು ಬಹುಕಾಲ ಎದುರಿಸಿದ ಪ್ರಶ್ನೆ ಇದೇ. ಕಳೆದ ಕೆಲವು ದಶಕಗಳಲ್ಲಿ ಈ ಪ್ರಶ್ನೆಗೆ ದೊರೆತಿರುವ ಒಂದು ಉತ್ತರವನ್ನೂ, ಅದರಿಂದ ತಿಳಿದುಬಂದ ಸಂಗತಿಗಳನ್ನೂ ಸ್ಥೂಲವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಬಂದರುಗಳಲ್ಲಿ ದಡಕ್ಕೆ ಬಂದ ಮೀನಿನ ತೂಕವನ್ನು ಬರೆದಿಡುತ್ತಾರಲ್ಲ, ಅದರಿಂದಲೇ ತಿಳಿಯಬಾರದೆ ಎಂದು ಯಾರಾದರೂ ಕೇಳಬಹುದು. ಆ ಲೆಕ್ಕ ಉಪಯುಕ್ತವಾದುದೇ ಸರಿ. ಆದರೆ ಅದು ಹಿಡಿದ ಮೀನಿನ ಲೆಕ್ಕವೇ ಹೊರತು ಉಳಿದ ಮೀನಿನ ಲೆಕ್ಕವಲ್ಲ. ಸಂತೆಗೆ ಬಂದ ತೆಂಗಿನಕಾಯಿಗಳನ್ನು ಎಣಿಸಿ ತೋಟದಲ್ಲಿ ನಿಂತ ಮರಗಳೆಷ್ಟೆಂದು ಹೇಳಲಾಗುವುದೆ? ದೋಣಿಗಳು ಹೆಚ್ಚಿದರೆ, ಬಲೆಗಳು ದೊಡ್ಡವಾದರೆ, ಕಡಲಿನಲ್ಲಿ ಮೀನು ಕಡಿಮೆಯಾಗುತ್ತಿದ್ದರೂ ದಡಕ್ಕೆ ಬರುವ ಮೀನು ಕೆಲಕಾಲ ಹೆಚ್ಚುತ್ತಲೇ ಇರಬಹುದು. ಬರಿದಾಗುತ್ತಿರುವ ಕಣಜವನ್ನು ಹೊರಗೆ ಬಂದ ಧಾನ್ಯದಿಂದ ಅಳೆದರೆ ಮೋಸಹೋಗುವುದು ಖಂಡಿತ.

ಹವಳದ ದಿಬ್ಬವೆಂದರೆ ಬರಿಯ ಬಂಡೆಯಲ್ಲ. ಹವಳದ ಜೀವಿಗಳೆಂಬ ಅತಿ ಸಣ್ಣ ಪ್ರಾಣಿಗಳು ತಲೆತಲಾಂತರಗಳಿಂದ ಸುಣ್ಣವನ್ನು ಸ್ರವಿಸುತ್ತ ಬಂದುದರಿಂದ ಬೆಳೆದ ಕಟ್ಟಡ ಅದು. ಸಮುದ್ರತಳದ ವಿಸ್ತೀರ್ಣದಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ ಭಾಗವನ್ನು ಆಕ್ರಮಿಸಿರುವ ಈ ದಿಬ್ಬಗಳಲ್ಲಿ, ನಮಗೆ ತಿಳಿದಿರುವ ಸಮುದ್ರಜೀವಿಗಳ ಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಆಶ್ರಯ ದೊರೆತಿದೆ. ತೀರದಲ್ಲಿ ವಾಸಿಸುವ ಲಕ್ಷಾಂತರ ಬಡಜನರ ಊಟಕ್ಕೂ ಇವೇ ಆಧಾರ. ಇಲ್ಲಿನ ಬೇಟೆಗಾರ ಪ್ರಾಣಿಗಳಲ್ಲಿ ಶಾರ್ಕು ಮುಖ್ಯವಾದುದು. ನಮ್ಮ ಕರಾವಳಿಯ ತುಳುವರು ಇದನ್ನು ತಾಟೆ ಎನ್ನುತ್ತಾರೆ. ಇದರ ಅಸ್ಥಿಪಂಜರ ಮೂಳೆಯದಲ್ಲ, ಮೃದ್ವಸ್ಥಿಯದು. ಇದರ ಸಂತಾನಕ್ರಮವಂತೂ ಬೇರೆ ಮೀನುಗಳಿಗಿಂತ ತೀರ ಭಿನ್ನ. ಬೂತಾಯಿ ಒಂದೊಂದು ಸಲಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ದಿಬ್ಬಗಳಲ್ಲಿರುವ ಬೂದುಬಣ್ಣದ ಶಾರ್ಕಾದರೋ ಬೆಳೆದು ಮರಿಹಾಕಲು ಕೆಲವು ವರ್ಷಗಳೇ ಬೇಕು. ಸುಮಾರು ಒಂದು ವರ್ಷ ಗರ್ಭ ಧರಿಸಿ ಅದು ಹೆರುವ ಮರಿಗಳು 1ರಿಂದ 6 ಮಾತ್ರ. ಇಂತಹ ಪ್ರಾಣಿಯನ್ನು ಬೇಗ ಕಳೆದುಕೊಳ್ಳಬಹುದು. ಮರಳಿ ಪಡೆಯುವುದು ನಿಧಾನ. ಆದುದರಿಂದ ಅದರ ಸಂಖ್ಯೆ ಇಳಿಯುತ್ತಿದೆಯೆಂಬುದನ್ನು ಕಾಲ ಮೀರುವ ಮೊದಲೇ ತಿಳಿಯುವುದು ಅವಶ್ಯಕ.

ಮೊದಲು ಬಳಕೆಯಲ್ಲಿದ್ದ ಕ್ರಮಗಳು ಎರಡು. ಗಾಳ ಹಾಕಿ ಹಿಡಿದು ಎಣಿಸುವುದು ಒಂದು. ಅಪರೂಪವಾಗುತ್ತಿರುವ ಪ್ರಾಣಿಯನ್ನು ಎಣಿಸುವುದಕ್ಕಾಗಿಯೇ ಗಾಯಗೊಳಿಸುವುದು ಅಥವಾ ಕೊಲ್ಲುವುದು ಇದರ ದೋಷ. ಇನ್ನೊಂದು, ಮುಳುಗುಗಾರನೇ ನೀರಿಗಿಳಿದು ಗೊತ್ತಾದ ಅಳತೆಯ ಪಟ್ಟಿಯುದ್ದಕ್ಕೂ ಈಜುತ್ತ ಎಡಬಲಗಳಲ್ಲಿ ಕಂಡ ಮೀನುಗಳನ್ನು ಫಲಕದ ಮೇಲೆ ಬರೆದುಕೊಳ್ಳುವುದು. ಈ ಕ್ರಮವನ್ನು ಹವಾಯಿ ದ್ವೀಪಗಳಲ್ಲಿ ಬ್ರಾಕ್ ಎಂಬ ವಿಜ್ಞಾನಿ 1954ರಲ್ಲಿ ವಿವರಿಸಿದನು. ಇಂದಿಗೂ ಇದು ಬಳಕೆಯಲ್ಲಿದೆ. ಆದರೆ ಮನುಷ್ಯನು ನೀರಿನಲ್ಲಿ ಹೆಚ್ಚು ಆಳಕ್ಕೆ ಹೋಗಲಾರ, ಹೆಚ್ಚು ಹೊತ್ತು ಇರಲಾರ. ಅವನ ಉಸಿರಿನ ಗುಳ್ಳೆಗಳ ಸದ್ದಿಗೆ ಕೆಲವು ಮೀನುಗಳು ದೂರ ಸರಿಯುತ್ತವೆ; ಕೆಲವು ಕುತೂಹಲದಿಂದ ಹತ್ತಿರ ಬರುತ್ತವೆ. ಅಲ್ಲದೆ, ಒಬ್ಬನ ಕಣ್ಣಿಗೆ ಬಿದ್ದುದು ಇನ್ನೊಬ್ಬನ ಕಣ್ಣಿಗೆ ಬೀಳದಿರಬಹುದು. ಆ ಕ್ಷಣ ಕಳೆದ ಮೇಲೆ ಯಾರು ಸರಿ ಎಂದು ಪರೀಕ್ಷಿಸುವ ಮಾರ್ಗವಿಲ್ಲ.

ಈ ತೊಡಕುಗಳನ್ನು ಬಹುಮಟ್ಟಿಗೆ ನಿವಾರಿಸಿದುದು ಎರೆಯಿಟ್ಟ ವಿಡಿಯೋ ಕ್ಯಾಮೆರಾ. 1995ರಲ್ಲಿ ಹವಾಯಿಯ ಎಲ್ಲಿಸ್ ಮತ್ತು ಡಿಮಾರ್ಟಿನಿ ಎಂಬುವರು ಮರಿಮೀನುಗಳ ಪ್ರಮಾಣವನ್ನು ತಿಳಿಯಲು ಇಂತಹ ಸಲಕರಣೆಯನ್ನು ಬಳಸಿದ ವಿವರವನ್ನು ಪ್ರಕಟಿಸಿದರು. ಅನಂತರ ನ್ಯೂಜಿಲೆಂಡ್, ಆಸ್ಟ್ರೇಲಿಯಾ ದೇಶಗಳಲ್ಲಿ ಅದು ಪರಿಷ್ಕಾರ ಹೊಂದಿ ಲೋಕದ ನಾನಾ ಭಾಗಗಳಿಗೆ ಹರಡಿತು. ಉಪಕರಣ ಸರಳವಾದುದೇ. ಲೋಹದ ಸರಳುಗಳ ಒಂದು ಚೌಕಟ್ಟು. ಅದರೊಳಗೆ ನೀರು ಹೊಗದ ಗೂಡಿನಲ್ಲಿ ಕ್ಯಾಮೆರಾ. ಕ್ಯಾಮೆರಾದ ಮುಂದಕ್ಕೆ ಚಾಚಿದ ಒಂದು ಕೋಲು. ಕೋಲಿನ ತುದಿಯಲ್ಲಿ ಎರೆಯ ಚೀಲ. ಎರೆಗೆ ನಮ್ಮ ಬೂತಾಯಿಯಂತಹ ಎಣ್ಣೆಯಂಶವುಳ್ಳ ಮೀನನ್ನು ಜಜ್ಜಿ ಸುಮಾರು 1 ಕಿಲೋಗ್ರಾಂನಷ್ಟು ತುಂಬುತ್ತಾರೆ. ಚೌಕಟ್ಟನ್ನು ಹಗ್ಗದಿಂದ ತಳಕ್ಕಿಳಿಸಿ, ಹಗ್ಗದ ಮೇಲ್ತುದಿಗೆ ತೇಲುವ ಬೆಂಡನ್ನು ಕಟ್ಟಿ, ದೋಣಿ ದೂರ ಹೋಗುತ್ತದೆ. ಎರೆಯ ವಾಸನೆ ನೀರಿನ ಸೆಳೆತದೊಡನೆ ಹರಡುತ್ತದೆ, ಮೀನುಗಳು ಬರುತ್ತವೆ. ಒಂದು ಗಂಟೆಯೋ ಒಂದೂವರೆ ಗಂಟೆಯೋ ಕಳೆದ ಮೇಲೆ ಚೌಕಟ್ಟನ್ನು ಮೇಲೆತ್ತುತ್ತಾರೆ. ಅಲ್ಲಿ ಮನುಷ್ಯನಿರಲಿಲ್ಲ, ಯಾವ ಪ್ರಾಣಿಗೂ ಗಾಯವಾಗಲಿಲ್ಲ. ಆದರೂ ನಡೆದುದೆಲ್ಲ ದಾಖಲೆಯಾಗಿದೆ.

ಇನ್ನು ಎಣಿಸುವ ಬಗೆ. ಇಲ್ಲಿಯೇ ಈ ವಿಧಾನದ ಜಾಣತನವಿರುವುದು. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕ್ಯಾಮೆರಾ ಇಳಿಸಿದ 8ನೆಯ ನಿಮಿಷದಲ್ಲಿ ಒಂದು ಶಾರ್ಕು ಕಾಣಿಸಿಕೊಂಡು ಮರೆಯಾಗುತ್ತದೆ. 15ನೆಯ ನಿಮಿಷದಲ್ಲಿ ಎರಡು ಬರುತ್ತವೆ. 24ನೆಯ ನಿಮಿಷದಲ್ಲಿ ಮೂರು ಒಟ್ಟಿಗೆ ಚಿತ್ರದೊಳಗೆ ಕಾಣುತ್ತವೆ. 40ನೆಯ ನಿಮಿಷದಲ್ಲಿ ಮತ್ತೆ ಎರಡು. ಇವೆಲ್ಲವನ್ನೂ ಕೂಡಿದರೆ 8 ಆಗುತ್ತದೆ. ಆದರೆ ಮೊದಲು ಬಂದುದೇ ಮತ್ತೆ ಮತ್ತೆ ಸುತ್ತಿ ಬಂದಿರಬಹುದಷ್ಟೆ? ಒಬ್ಬನೇ ಮನುಷ್ಯ ನಾಲ್ಕು ಸಲ ನಮ್ಮ ಬಾಗಿಲ ಮುಂದೆ ಹಾದುಹೋದರೆ ಬೀದಿಯಲ್ಲಿ ನಾಲ್ವರಿದ್ದಾರೆಂದು ಬರೆದುಕೊಳ್ಳುವಂತಿಲ್ಲ. ಆದುದರಿಂದ, ಒಂದೇ ಚಿತ್ರದಲ್ಲಿ ಒಂದೇ ಜಾತಿಯ ಎಷ್ಟು ಮೀನುಗಳು ಏಕಕಾಲಕ್ಕೆ ಕಂಡವೋ ಆ ಗರಿಷ್ಠ ಸಂಖ್ಯೆಯನ್ನು ಮಾತ್ರ ಸ್ವೀಕರಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು 3. ಇದಕ್ಕೆ ಗರಿಷ್ಠ ಎಣಿಕೆಯೆಂದು ಹೆಸರಿಡಬಹುದು. ಒಂದೇ ಮೀನು ಏಕಕಾಲದಲ್ಲಿ ಎರಡು ಕಡೆ ಇರಲಾರದಾದುದರಿಂದ, ಕನಿಷ್ಠಪಕ್ಷ ಮೂರು ಶಾರ್ಕುಗಳು ಅಲ್ಲಿದ್ದವೆಂಬುದು ನಿಸ್ಸಂದೇಹ. ನಾಲ್ಕೋ ಐದೋ ಇದ್ದಿರಬಹುದು. ಆದರೆ ಕಾಣದುದನ್ನು ಕಂಡೆವೆಂದು ಹೇಳುವುದಿಲ್ಲ.

ಹಾಗಾದರೆ ಈ ಸಂಖ್ಯೆ ದಿಬ್ಬದಲ್ಲಿರುವ ಶಾರ್ಕುಗಳ ನಿಜವಾದ ಮೊತ್ತವೆ? ಅಲ್ಲ. ಇದು ಮೊತ್ತವಲ್ಲ, ಸೂಚಕ. ಜ್ವರದ ಕಡ್ಡಿ ರೋಗವನ್ನು ಎಣಿಸುವುದಿಲ್ಲ. ಆದರೂ ನಿನ್ನೆಗಿಂತ ಇಂದು ಹೇಗೆಂಬುದನ್ನು ತಿಳಿಸುತ್ತದೆ. ಹಾಗೆಯೇ ಒಂದೇ ಬಗೆಯ ಚೌಕಟ್ಟು, ಒಂದೇ ತೂಕದ ಎರೆ, ಒಂದೇ ಅವಧಿ, ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ಸಾಕಷ್ಟು ಅಂತರ, ಈ ನಿಯಮಗಳನ್ನು ಎಲ್ಲೆಡೆಯೂ ಪಾಲಿಸಿದರೆ ಒಂದು ದಿಬ್ಬವನ್ನು ಇನ್ನೊಂದರೊಡನೆ, ಒಂದು ವರ್ಷವನ್ನು ಮತ್ತೊಂದರೊಡನೆ ಹೋಲಿಸಬಹುದು.

ಈ ಕ್ರಮಕ್ಕೂ ಮಿತಿಗಳುಂಟು. ಮೀನುಗಳು ಕಿಕ್ಕಿರಿದಾಗ ಒಂದು ಇನ್ನೊಂದನ್ನು ಮರೆಮಾಡಿ ಎಣಿಕೆ ತಗ್ಗುತ್ತದೆ. ನೀರು ಕದಡಿದ್ದರೆ ಏನೂ ಕಾಣದು. ಸೆಳೆತ ಬಲವಾಗಿದ್ದರೆ ವಾಸನೆ ದೂರ ಹೋಗುತ್ತದೆ. ಮಾಂಸಾಹಾರಿ ಮೀನುಗಳು ಎರೆಗೆ ಹೆಚ್ಚು ಒಲಿಯುತ್ತವೆ. ದೊಡ್ಡ ಶಾರ್ಕು ಬಂದಾಗ ಸಣ್ಣ ಮೀನುಗಳು ಅಡಗುತ್ತವೆ. ಆದುದರಿಂದ ಆಳ, ಬೆಳಕು, ನೀರಿನ ತಿಳಿತನ, ಸೆಳೆತ ಇವನ್ನೂ ಬರೆದಿಟ್ಟು ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಾರೆ. ಇನ್ನು ಉದ್ದವನ್ನು ಅಳೆಯಬೇಕಾದಾಗ ಒಂದರ ಬದಲು ಎರಡು ಕ್ಯಾಮೆರಾಗಳನ್ನು ಜೋಡಿಸುವುದುಂಟು. ನಮ್ಮ ಎರಡು ಕಣ್ಣುಗಳು ವಸ್ತುವನ್ನು ಸ್ವಲ್ಪ ಬೇರೆಬೇರೆ ಕೋನಗಳಿಂದ ನೋಡಿ ದೂರವನ್ನು ಗ್ರಹಿಸುವಂತೆ, ಎರಡು ಚಿತ್ರಗಳ ವ್ಯತ್ಯಾಸದಿಂದ ಮೀನಿನ ದೂರವನ್ನೂ ಉದ್ದವನ್ನೂ ಗಣಿಸಬಹುದು. ಉದ್ದ ತಿಳಿದರೆ ಅದು ಮರಿಯೋ ಬೆಳೆದುದೋ ತಿಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಚಿತ್ರ ಉಳಿಯುತ್ತದೆ. ಇಬ್ಬರು ಪ್ರತ್ಯೇಕವಾಗಿ ನೋಡಿ ಎಣಿಸಬಹುದು. ಭಿನ್ನಾಭಿಪ್ರಾಯ ಬಂದರೆ ಮೂರನೆಯವನು ಅದೇ ಚಿತ್ರವನ್ನು ಮತ್ತೆ ನೋಡಿ ತೀರ್ಮಾನಿಸಬಹುದು.

ಈ ವಿಧಾನದಿಂದ ನಡೆದ ಅತಿ ವಿಸ್ತಾರವಾದ ಸಮೀಕ್ಷೆಯೆಂದರೆ 2015ರಲ್ಲಿ ಆರಂಭವಾದ ಗ್ಲೋಬಲ್ ಫಿನ್‌ಪ್ರಿಂಟ್. 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದರ ಫಲಿತಾಂಶಗಳು ಪ್ರಕಟವಾದುವು. 58 ದೇಶ ಮತ್ತು ಪ್ರಾಂತಗಳ 371 ದಿಬ್ಬಗಳಲ್ಲಿ 15,000 ಗಂಟೆಗಳಿಗೂ ಹೆಚ್ಚಿನ ವಿಡಿಯೋವನ್ನು ಪರಿಶೀಲಿಸಲಾಗಿತ್ತು. ಅವುಗಳಲ್ಲಿ ಐದರಲ್ಲಿ ಸುಮಾರು ಒಂದು ಪಾಲಿನಷ್ಟು ದಿಬ್ಬಗಳಲ್ಲಿ ಒಂದು ಶಾರ್ಕೂ ಕಾಣಿಸಲಿಲ್ಲ. ಕೀನ್ಯಾ, ವಿಯೆಟ್ನಾಂ, ಕತಾರ್, ಡೊಮಿನಿಕನ್ ಗಣರಾಜ್ಯ ಮೊದಲಾದ ಆರು ಪ್ರದೇಶಗಳಲ್ಲಿ ಒಟ್ಟು 800 ಗಂಟೆಗಳಿಗೂ ಮೀರಿದ ಚಿತ್ರಗಳಲ್ಲಿ ಕಂಡ ಶಾರ್ಕುಗಳು ಮೂರೇ ಮೂರು!

ಈ ಸೊನ್ನೆಯನ್ನು ಕುರಿತು ಸ್ವಲ್ಪ ಯೋಚಿಸಬೇಕು. ಇರುವುದನ್ನು ತೋರಿಸುವುದು ಸುಲಭ, ಇಲ್ಲವೆಂಬುದನ್ನು ತೋರಿಸುವುದು ಕಷ್ಟ. ಒಂದು ಗಂಟೆ ಕಾದು ಶಾರ್ಕು ಬರಲಿಲ್ಲವೆಂದರೆ ಅದು ಆಕಸ್ಮಿಕವಿರಬಹುದು. ಹತ್ತಾರು ಕಡೆಗಳಲ್ಲಿ, ಅದೇ ಎರೆಯಿಟ್ಟು, ಅದೇ ನಿಯಮದಿಂದ ಕಾದರೂ ಬರಲಿಲ್ಲವೆಂದರೆ ಅದು ಸಾಕ್ಷ್ಯ. ಕೊನೆಯ ಪ್ರಾಣಿಯೂ ಸತ್ತಿದೆಯೆಂದು ಇದರ ಅರ್ಥವಲ್ಲ. ದಿಬ್ಬದ ಜೀವನದಲ್ಲಿ ತನ್ನ ಪಾತ್ರವನ್ನು ವಹಿಸಲು ಸಾಲದಷ್ಟು ವಿರಳವಾಗಿದೆಯೆಂದು ಅರ್ಥ. ಬರಿದಾದ ನೀರನ್ನು ಗಂಟೆಗಟ್ಟಲೆ ನೋಡಿ ಸೊನ್ನೆಯೆಂದು ಬರೆದವನ ಶ್ರಮ, ಹತ್ತು ಶಾರ್ಕುಗಳನ್ನು ಕಂಡವನ ಶ್ರಮಕ್ಕಿಂತ ಕಡಿಮೆಯದಲ್ಲ.

2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದೇ ಸಮೀಕ್ಷೆಯ ಮುಂದುವರಿದ ಭಾಗ ಪ್ರಕಟವಾಯಿತು. ದಿಬ್ಬಗಳಲ್ಲಿ ಸಾಮಾನ್ಯವಾಗಿ ವಾಸಿಸುವ ಐದು ಮುಖ್ಯ ಜಾತಿಯ ಶಾರ್ಕುಗಳು, ಮನುಷ್ಯನ ಒತ್ತಡವಿಲ್ಲದಿದ್ದರೆ ಇರಬೇಕಾಗಿದ್ದ ಪ್ರಮಾಣಕ್ಕಿಂತ ಸರಾಸರಿ ಶೇಕಡಾ 63ರಷ್ಟು ಕಡಿಮೆಯಾಗಿವೆಯೆಂದು ಅದರಿಂದ ತಿಳಿದುಬಂದಿತು. ಶಾರ್ಕುಗಳು ಕ್ಷೀಣಿಸಿದೆಡೆ ತೊರಕೆ ಮೀನುಗಳೇ ಪ್ರಧಾನವಾಗುತ್ತವೆಂಬುದೂ ಗೊತ್ತಾಯಿತು. ಕಾರಣಗಳೂ ಅಸ್ಪಷ್ಟವಾಗಿಲ್ಲ. ಜನಸಂದಣಿಯ ಸಾಮೀಪ್ಯ, ದುರ್ಬಲವಾದ ಆಡಳಿತ, ನೀರಿನಲ್ಲಿ ಪರದೆಯಂತೆ ಇಳಿಬಿಟ್ಟು ಮೀನಿನ ಕಿವಿರನ್ನು ಸಿಕ್ಕಿಸುವ ಬಲೆಗಳು, ನೂರಾರು ಗಾಳಗಳನ್ನು ಕಟ್ಟಿದ ಉದ್ದನೆಯ ಹಗ್ಗಗಳು, ಇವು ಮುಖ್ಯವಾದುವು.

ಆದರೆ ಇದೇ ಕ್ಯಾಮೆರಾ ಆಶಾದಾಯಕವಾದ ಸಂಗತಿಯನ್ನೂ ತೋರಿಸಿದೆ. ಬಹಾಮಾ ದ್ವೀಪಗಳು 1993ರಲ್ಲಿ ಉದ್ದಹಗ್ಗದ ಗಾಳಗಳನ್ನು ನಿಷೇಧಿಸಿ, 2011ರಲ್ಲಿ ಶಾರ್ಕು ಹಿಡಿಯುವುದನ್ನೇ ತಡೆದುವು. ಮಾಲ್ದೀವಿನಲ್ಲಿ 2010ರಲ್ಲಿ ಇಂತಹ ನಿಷೇಧ ಬಂದಿತು. ಈ ಎರಡು ದೇಶಗಳೂ 2020ರ ಪಟ್ಟಿಯಲ್ಲಿ ನಿರೀಕ್ಷೆಗಿಂತ ಹೆಚ್ಚು ಶಾರ್ಕುಗಳನ್ನು ಉಳಿಸಿಕೊಂಡವುಗಳ ಸಾಲಿನಲ್ಲಿವೆ. ಎಲ್ಲೆಡೆಯೂ ಪೂರ್ಣ ನಿಷೇಧವೇ ಬೇಕೆಂದಿಲ್ಲ. ಬಲೆಯ ಬಗೆಯನ್ನೂ ಹಿಡಿಯುವ ಪ್ರಮಾಣವನ್ನೂ ಮಿತಿಗೊಳಿಸಿದರೂ ಫಲವುಂಟೆಂದು ಸಮೀಕ್ಷಕರು ಕಂಡುಕೊಂಡರು. ಮೀನನ್ನೇ ನಂಬಿ ಬದುಕುವವರ ದೃಷ್ಟಿಯಿಂದ ಈ ಮಾತು ಬಹು ಮುಖ್ಯ. ಊಟ ಮತ್ತು ಉಳಿವು ಇವೆರಡರಲ್ಲಿ ಒಂದನ್ನೇ ಆರಿಸಬೇಕಾದ ಸ್ಥಿತಿ ಎಲ್ಲೆಡೆಯೂ ಬಂದಿಲ್ಲ.

ಹವಳದ ಕಡಲು ನಮಗೆ ದೂರದ್ದೇನಲ್ಲ. ಮಾಲ್ದೀವಿನ ಉತ್ತರಕ್ಕಿರುವ ಲಕ್ಷದ್ವೀಪ ಸಮೂಹದ ಅಮಿನ್‌ದೀವಿ ದ್ವೀಪಗಳು 1956ರ ರಾಜ್ಯಪುನರ್ವಿಂಗಡಣೆಯವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಮಳೆಗಾಲದಲ್ಲಿ ನಮ್ಮ ತೀರದ ನೀರು ಕದಡುವುದರಿಂದ ಕ್ಯಾಮೆರಾ ಇಳಿಸುವವರು ತಿಳಿನೀರಿನ ತಿಂಗಳುಗಳಿಗೆ ಕಾಯಬೇಕಾಗುತ್ತದೆ. ಆದರೆ ಚೌಕಟ್ಟನ್ನು ಒಬ್ಬ ಕಮ್ಮಾರನೂ ಮಾಡಿಕೊಡಬಲ್ಲ. ಬೂತಾಯಿ ಎಲ್ಲ ಬಂದರುಗಳಲ್ಲಿಯೂ ಸಿಗುತ್ತದೆ. ಉಳಿದುದು ಬೇಸರಪಡದೆ ನೋಡುವ ಕಣ್ಣು, ಕಂಡಷ್ಟನ್ನೇ ಬರೆಯುವ ಕೈ. ವಿದ್ಯಾರ್ಥಿಗಳಾದ ನಾವು ಬೆಳೆಸಿಕೊಳ್ಳಬಹುದಾದ ಗುಣಗಳೇ ಇವು.

ಕಡಲಿನಲ್ಲಿ ಒಟ್ಟು ಎಷ್ಟು ಶಾರ್ಕುಗಳಿವೆಯೆಂದು ಈ ವಿಧಾನ ಹೇಳುವುದಿಲ್ಲ. ತಾನು ಹೇಳಲಾರದುದನ್ನು ಹೇಳದೆ, ಹೇಳಬಲ್ಲುದನ್ನು ಎಲ್ಲೆಡೆಯೂ ಒಂದೇ ಅಳತೆಯಿಂದ ಹೇಳುವುದೇ ಇದರ ಬಲ. ಕಾಪಾಡಬೇಕಾದರೆ ಎಷ್ಟು ಉಳಿದಿದೆಯೆಂಬುದನ್ನು ಅರಿಯಬೇಕು. ಅರಿಯಬೇಕಾದರೆ ಪ್ರಾಮಾಣಿಕವಾಗಿ ಎಣಿಸಬೇಕು.