ವೀಸಾ ಬಂದ ಮೇಲೆ ಒಂದು ಮಾತು

ಹುಬ್ಬಳ್ಳಿ-ಧಾರವಾಡದ ವಿದ್ಯಾನಗರ, ನವನಗರ, ಸಪ್ತಾಪುರದ ಮನೆಗಳಲ್ಲಿ ಈಗ ವೀಸಾದ ಸುದ್ದಿ ಇಲ್ಲದ ತಿಂಗಳೇ ಇಲ್ಲ. ಬಿ.ವಿ.ಬಿ.ಯಲ್ಲಿ ಇಂಜಿನಿಯರಿಂಗ್ ಕಲಿತ ಹುಡುಗ ಡಲ್ಲಾಸಿಗೆ ಹೊರಟಿರುತ್ತಾನೆ, ಎಸ್‌ಡಿಎಂನಲ್ಲಿ ಡೆಂಟಲ್ ಓದಿದ ಹುಡುಗಿ ಗಂಡನ ಜೊತೆ ಡಬ್ಲಿನ್ನಿಗೆ. ತಾಯಂದಿರು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಕಟ್ಟುತ್ತಾರೆ. ತಂದೆಯಂದಿರು ಇನ್ಶೂರೆನ್ಸ್ ಕಾಗದ ತಿರುವಿ ನೋಡುತ್ತಾರೆ. ಒಂದು ವಿಷಯ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ: ಹೋಗುವ ದೇಶದಲ್ಲಿ ಬಸಿರಿಗೆ ತೊಂದರೆಯಾದರೆ ಡಾಕ್ಟರು ಏನು ಮಾಡಬಹುದು, ಏನು ಮಾಡಲು ಅಲ್ಲಿಯ ಕಾಯಿದೆ ಬಿಡುವುದಿಲ್ಲ.

ಹುಬ್ಬಳ್ಳಿಯ ಹೆರಿಗೆ ವಾರ್ಡುಗಳಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು ನಾನು. ನಾನಾದರೂ ಹೇಳಬೇಕು. “ಶುಭಕ್ಕ ಹೊಂಟಾಗ ಇಂಥಾ ಮಾತ್ಯಾಕ ಅಕ್ಕಾರ?” ಅನ್ನುವವರಿದ್ದಾರೆ. ಆದರೆ ಗೊತ್ತಾದ ಬಸಿರುಗಳಲ್ಲೇ ಹತ್ತಕ್ಕೆ ಒಂದೆರಡು ತಾವಾಗಿ ಇಳಿದುಹೋಗುತ್ತವೆ. ಇದು ಯಾರ ಮನೆಯಲ್ಲೂ ಆಗಬಹುದಾದದ್ದು, ಮಾತಾಡದೆ ಇದ್ದರೆ ತಪ್ಪುವಂಥದ್ದೂ ಅಲ್ಲ.

ನಮ್ಮ ಕಡೆಯ ಮಗಳೊಬ್ಬಳ ಕಥೆ ನಿಮಗೆ ಗೊತ್ತಿರಲೇಬೇಕು. ಸವಿತಾ ಹಾಲಪ್ಪನವರ. ಬಾಗಲಕೋಟೆಯಲ್ಲಿ ಹುಟ್ಟಿದವಳು, ಬೆಳಗಾವಿಯ ಕೆಎಲ್‌ಇ ಸಂಸ್ಥೆಯಲ್ಲಿ ದಂತವೈದ್ಯಕೀಯ ಓದಿದವಳು. ಗಂಡ ಪ್ರವೀಣ ಇಂಜಿನಿಯರ್. ಐರ್ಲೆಂಡಿನ ಗಾಲ್ವೆಯಲ್ಲಿ ಸಂಸಾರ. 2012ರ ಅಕ್ಟೋಬರದಲ್ಲಿ ಅವಳಿಗೆ 31 ವರ್ಷ, ಹದಿನೇಳು ವಾರದ ಚೊಚ್ಚಲ ಬಸಿರು. ಮಗಳ ಮನೆಗೆಂದು ಹೋಗಿದ್ದ ತಂದೆ-ತಾಯಿ ಊರಿಗೆ ಮರಳುವ ದಿನಗಳು ಅವು. ಅಕ್ಟೋಬರ್ 21ರ ಭಾನುವಾರ ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಮನೆಗೆ ಕಳಿಸಿದರು. ಅದೇ ದಿನ ಮತ್ತೆ ಹೋಗಬೇಕಾಯಿತು. ಪರೀಕ್ಷಿಸಿ, ಗರ್ಭ ಉಳಿಯುವುದಿಲ್ಲ ಎಂದು ಹೇಳಿದರು. ನಡುರಾತ್ರಿ ದಾಟುತ್ತಲೇ ನೀರು ಒಡೆಯಿತು.

ಉಳಿಯದ ಬಸಿರನ್ನು ತೆಗೆದುಬಿಡಿ ಎಂದು ಗಂಡ-ಹೆಂಡತಿ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿತ್ತು. ಹೃದಯ ಬಡಿಯುವ ತನಕ ಕಾಯಿದೆ ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ಒಬ್ಬ ಸೂಲಗಿತ್ತಿ ಅಂದದ್ದನ್ನು ಆಕೆಯೇ ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡಳು. ಬುಧವಾರದ ಹೊತ್ತಿಗೆ ನಂಜು ರಕ್ತಕ್ಕೇರಿತ್ತು. ಅಂದೇ ಮಧ್ಯಾಹ್ನ ಬಸಿರು ತಾನಾಗಿ ಹೋಯಿತು. ಸವಿತಾ 28ರಂದು ತೀರಿಕೊಂಡಳು.

ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ತಪ್ಪು ಕಾಯಿದೆಯದೊಂದೇ ಆಗಿರಲಿಲ್ಲ. ನೀರು ಒಡೆದ ಮೇಲೆ ನಾಲ್ಕು ತಾಸಿಗೊಮ್ಮೆ ನಾಡಿ, ಜ್ವರ, ಬಿಪಿ ನೋಡಬೇಕಾದದ್ದನ್ನು ನೋಡಿರಲಿಲ್ಲ. ಮೊದಲ ದಿನವೇ ತೆಗೆದ ರಕ್ತದ ವರದಿಯಲ್ಲಿ ಬಿಳಿರಕ್ತಕಣ ಏರಿದ್ದನ್ನು ಯಾರೂ ಹಿಂಬಾಲಿಸಿರಲಿಲ್ಲ. ಅಲ್ಲಿಯ ಆರೋಗ್ಯ ಗುಣಮಟ್ಟ ಪ್ರಾಧಿಕಾರ ಕೈತಪ್ಪಿದ ಅವಕಾಶಗಳನ್ನು ಎಣಿಸಿದಾಗ ಹದಿಮೂರು ಸಿಕ್ಕವು. ಆದರೆ 2013ರ ಏಪ್ರಿಲ್‌ನ ಮರಣ ವಿಚಾರಣೆಯಲ್ಲಿ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಹೇಳಿದ ಮಾತು ನನಗೆ ಇವತ್ತಿಗೂ ಸುಡುತ್ತದೆ. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬದುಕುವ ಸಾಧ್ಯತೆಯೇ ಹೆಚ್ಚಿತ್ತು. ಆದರೆ ಆ ಎರಡು ದಿನ ಆಕೆ ಸಾಯುವಷ್ಟು ಕಾಯಿಲೆ ಬಿದ್ದಿರಲಿಲ್ಲ, ಹಾಗಾಗಿ ಕಾಯಿದೆ ಅವಕಾಶ ಕೊಡುತ್ತಿರಲಿಲ್ಲ. ಅವಕಾಶ ಕೊಡುವಷ್ಟು ಕಾಯಿಲೆ ಬಿದ್ದಾಗ ಹೊತ್ತು ಮೀರಿತ್ತು.

ಮಕ್ಕಳೇ, ಗರ್ಭಪಾತದ ಈ ಇಡೀ ವಾದದಲ್ಲಿ ನಾನು ನಿಮಗೆ ಹೇಳುವುದು ಆ ಹೊತ್ತಿನ ಬಗ್ಗೆಯೇ.

ಐರ್ಲೆಂಡಿನ ಜನ 1983ರಲ್ಲಿ ಮೂರರಲ್ಲಿ ಎರಡು ಪಾಲು ಮತ ಹಾಕಿ, ಹೊಟ್ಟೆಯೊಳಗಿನ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಎಂಬ ಎಂಟನೆಯ ತಿದ್ದುಪಡಿಯನ್ನು ಸಂವಿಧಾನಕ್ಕೆ ಸೇರಿಸಿದ್ದರು. 2018ರ ಮೇ 25ರಂದು ಅದೇ ದೇಶ ಶೇ 66.4ರಷ್ಟು ಮತದಿಂದ ಅದನ್ನು ತೆಗೆದುಹಾಕಿತು. ಮತದಾನಕ್ಕೆ ಮುಂಚೆ ಸವಿತಾಳ ತಂದೆ ಅಂದಾನಪ್ಪ ಯಳಗಿ ಬೆಳಗಾವಿಯಿಂದಲೇ ಐರಿಶ್ ಜನರಿಗೆ ಕೈಮುಗಿದು ಕೇಳಿಕೊಂಡಿದ್ದರು. ಫಲಿತಾಂಶ ಬಂದ ಮೇಲೆ, ಹೊಸ ಕಾಯಿದೆಗೆ ಮಗಳ ಹೆಸರಿಡಿ ಎಂದರು. ಹೆಸರು ಇಡಲಿಲ್ಲ. 2019ರ ಜನವರಿಯಿಂದ ಅಲ್ಲಿ ಹನ್ನೆರಡು ವಾರದ ತನಕ ಕಾರಣ ಕೇಳದೆ ಗರ್ಭಪಾತ ಮಾಡುತ್ತಾರೆ, ಮೂರು ದಿನ ಕಾಯಬೇಕೆಂಬ ನಿಯಮದೊಂದಿಗೆ. ಅದೇ ಜನ, ಅದೇ ಚರ್ಚು. ನಡುವಿನ ಮೂವತ್ತೈದು ವರ್ಷಗಳಲ್ಲಿ ಹೆಂಗಸರು ತಮಗೆ ಏನಾಯಿತು ಅನ್ನುವುದನ್ನು ಬಾಯಿಬಿಟ್ಟು ಹೇಳತೊಡಗಿದ್ದರು.

ಬೇರೆ ಕಡೆ ಗಾಳಿ ಹಿಂದಕ್ಕೂ ಬೀಸಿದೆ. ಪೋಲೆಂಡಿನಲ್ಲಿ 2020ರ ತೀರ್ಪು ಕಾಯಿದೆಯನ್ನು ಬಿಗಿ ಮಾಡಿತು. ಮರುವರ್ಷ ಇಪ್ಪತ್ತೆರಡು ವಾರದ ಬಸುರಿಯೊಬ್ಬಳು ನೀರು ಒಡೆದ ಮೇಲೆ ಸವಿತಾಳಂತೆಯೇ ನಂಜೇರಿ ಸತ್ತಳು. ಅಮೆರಿಕದಲ್ಲಿ ಗರ್ಭಪಾತದ ಹಕ್ಕಿಗೆ 1973ರಿಂದ ಇದ್ದ ರಕ್ಷಣೆಯನ್ನು 2022ರ ಜೂನ್ 24ರಂದು ಅಲ್ಲಿಯ ಸುಪ್ರೀಂ ಕೋರ್ಟೇ ಕಿತ್ತುಹಾಕಿತು. ಈಗ ಅಲ್ಲಿ ರಾಜ್ಯಕ್ಕೊಂದು ಕಾಯಿದೆ. ನಮ್ಮ ಹುಡುಗರು ಹೆಚ್ಚಾಗಿ ಹೋಗುವ ಟೆಕ್ಸಾಸ್‌ನಲ್ಲಿ ಗರ್ಭಪಾತಕ್ಕೆ ಹೆಚ್ಚುಕಡಿಮೆ ಪೂರ್ತಿ ನಿಷೇಧ. ತಪ್ಪಿ ನಡೆದ ಡಾಕ್ಟರಿಗೆ ಜೀವಾವಧಿಯ ತನಕ ಶಿಕ್ಷೆಯಾಗಬಹುದು. ತಾಯಿಯ ಜೀವಕ್ಕೆ ಅಪಾಯವಿದ್ದಾಗ ಕೈಕಟ್ಟಿ ಕಾಯಬೇಕಿಲ್ಲ ಎಂದು ಡಾಕ್ಟರುಗಳಿಗೆ ಬಿಡಿಸಿ ಹೇಳಲು 2025ರಲ್ಲಿ ಅಲ್ಲಿ ಮತ್ತೊಂದು ಕಾಯಿದೆಯನ್ನೇ ತರಬೇಕಾಯಿತು. ಫ್ರಾನ್ಸಿನವರು 2024ರ ಮಾರ್ಚ್‌ನಲ್ಲಿ ಗರ್ಭಪಾತದ ಸ್ವಾತಂತ್ರ್ಯವನ್ನು ಸಂವಿಧಾನದೊಳಗೇ ಬರೆದಿಟ್ಟುಕೊಂಡರು, ನಾಳೆ ಯಾರೂ ಸುಲಭವಾಗಿ ತೆಗೆಯದಿರಲಿ ಎಂದು.

ಅಮೆರಿಕದ ಜಾರ್ಜಿಯಾ, ಫ್ಲೋರಿಡಾದಲ್ಲಿ ಗರ್ಭಪಾತಕ್ಕೆ ಗಡುವು ಆರು ವಾರ. ಆರು ವಾರ ಎಂದರೆ ಒಂದೂವರೆ ತಿಂಗಳು, ಬೇಕಾದಷ್ಟಾಯಿತಲ್ಲ ಎಂದು ಗಂಡುಮಕ್ಕಳು ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ, ಗರ್ಭ ಇನ್ನೂ ನಿಲ್ಲದ ದಿನದಿಂದ. ತಿಂಗಳು ತಪ್ಪಿತಲ್ಲ ಎಂದು ಅವಳಿಗೆ ಅನ್ನಿಸುವಾಗಲೇ ನಾಲ್ಕು ವಾರ ಮುಗಿದಿರುತ್ತದೆ. ದಿನ ಹಿಂದೆ-ಮುಂದೆ ಆಗುವವಳಾದರೆ ಆರೂ ಮುಗಿದಿರುತ್ತದೆ. ಮದುವೆಯಾದ ಪ್ರತಿ ಹುಡುಗನಿಗೂ ಈ ಲೆಕ್ಕ ಬರಬೇಕು. ಮುಟ್ಟಿನ ತಾರೀಕು ಹೆಂಡತಿಯ ಫೋನಿನಲ್ಲಷ್ಟೇ ಇದ್ದರೆ ಸಾಲದು.

ನಮ್ಮ ದೇಶದ ಕಾಯಿದೆ ಇದಕ್ಕಿಂತ ಮೃದು. ಶಾಂತಿಲಾಲ್ ಶಾ ಸಮಿತಿಯ ಶಿಫಾರಸಿನ ಮೇಲೆ 1971ರಲ್ಲಿ ಬಂದದ್ದು. ಕದ್ದುಮುಚ್ಚಿ ಬಸಿರು ಇಳಿಸಿಕೊಳ್ಳಲು ಹೋಗಿ ಹೆಂಗಸರು ಸಾಯುತ್ತಿದ್ದುದನ್ನು ನೋಡಿಯೇ ತಂದದ್ದು. 2021ರ ತಿದ್ದುಪಡಿಯ ಮೇಲೆ ಇಪ್ಪತ್ತು ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸುರಿದ್ದಾಗಲೇ ಗಂಡ ತೀರಿಕೊಂಡವರು ಅಥವಾ ವಿಚ್ಛೇದನವಾದವರು, ಅಂಗವಿಕಲರು, ಇಂಥವರಿಗೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ ಇಪ್ಪತ್ನಾಲ್ಕರ ತನಕ. ಭ್ರೂಣದಲ್ಲಿ ತೀವ್ರ ದೋಷ ಕಂಡರೆ ಅದರಾಚೆಯೂ ವೈದ್ಯಕೀಯ ಮಂಡಳಿ ಒಪ್ಪಬಹುದು. ತಾಯಿಯ ಜೀವ ಉಳಿಸಲು ತಕ್ಷಣ ಬೇಕೆಂದರೆ ವಾರದ ಮಿತಿಯೇ ಇಲ್ಲ, ಒಬ್ಬ ಡಾಕ್ಟರ ನಿರ್ಧಾರ ಸಾಕು. ಮದುವೆಯಾಗದವಳಿಗೂ ಇದೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ.

ಹದಿನೆಂಟು ತುಂಬಿದವಳ ಸಹಿ ಒಂದಿದ್ದರೆ ಆಯಿತು. ಗಂಡನ ಸಹಿ ಬೇಕೆಂದು ಈ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಆದರೂ ಎಷ್ಟು ಕೌಂಟರುಗಳಲ್ಲಿ “ಮಾಲಕರನ್ನ ಕರಕೊಂಡು ಬರ್ರಿ” ಎನ್ನುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆ ಮಾತಿಗೆ ಹೆದರಿ ಹಿಂದಿರುಗಿದವಳು ಮತ್ತೆ ಬರುವಾಗ ನಾಲ್ಕು ವಾರ ಕಳೆದಿರುತ್ತದೆ.

ಅಲ್ಲಿ ಕಾಯಿದೆ ಹೊತ್ತು ನುಂಗಿದರೆ ಇಲ್ಲಿ ನುಂಗುವುದು ನಮ್ಮ ಬಾಯಿ ಮುಚ್ಚಿಕೊಂಡಿರುವ ರೂಢಿ. ಒಮ್ಮೆ ರಾತ್ರಿಪಾಳಿಯಲ್ಲಿ ಕಲಘಟಗಿ ಕಡೆಯ ಹುಡುಗಿಯೊಬ್ಬಳನ್ನು ಕರೆತಂದರು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಮೊಣಕೈ ತನಕ ಹಸಿರು ಬಳೆ, ತುಟಿ ಮಾತ್ರ ಸುಣ್ಣದಂತೆ ಬೆಳ್ಳಗೆ. ಅತ್ತೆ ಪಕ್ಕದಲ್ಲಿ ನಿಂತು “ಏನೂ ಇಲ್ಲರಿ, ಮುಟ್ಟು ಜಾಸ್ತಿ ಹೊಂಟೈತಿ” ಎನ್ನುತ್ತಿದ್ದಳು. ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಬಿಗಿದಿತ್ತು. ಅತ್ತೆಯನ್ನು ಹೊರಗೆ ಕಳಿಸಿ ಬಾಗಿ ಕೇಳಿದಾಗ ಹುಡುಗಿ ಪಿಸುಗುಟ್ಟಿದಳು: ಮೆಡಿಕಲ್ ಅಂಗಡಿಯಿಂದ ಗಂಡ ಗುಳಿಗೆ ತಂದಿದ್ದ, ಎಂಟು ದಿನವಾಯಿತು. ಬಸಿರು ಗರ್ಭಚೀಲದಲ್ಲಿರಲಿಲ್ಲ, ನಳಿಕೆಯಲ್ಲಿತ್ತು. ನಳಿಕೆ ಒಡೆದು ಹೊಟ್ಟೆಯ ತುಂಬ ರಕ್ತ. ಡಾಕ್ಟರು ನಿಂತ ಕಾಲಲ್ಲೇ ಆಪರೇಷನ್ನಿಗೆ ಒಯ್ದರು, ಹುಡುಗಿ ಉಳಿದಳು. ಎರಡನೆಯ ದಿನ ಅವಳು ನನ್ನನ್ನು ಕೇಳಿದ್ದು ಒಂದೇ, “ಊರಾಗ ಗೊತ್ತಾಕ್ಕೈತೇನ್ರಿ ಸಿಸ್ಟರ್?” ಗುಟ್ಟು ಬಿಟ್ಟುಕೊಟ್ಟರೆ ಡಾಕ್ಟರಿಗೇ ಶಿಕ್ಷೆ ಎಂದು ಈಗ ಕಾಯಿದೆಯಲ್ಲಿದೆ. ಅದನ್ನು ಯಾರೂ ಅವಳಂಥವರಿಗೆ ಹೇಳಿರುವುದಿಲ್ಲ.

ಬಸಿರು ಇಳಿಸುವ ಆ ಗುಳಿಗೆಗಳು ಕೆಟ್ಟವಲ್ಲ. ಒಂಬತ್ತು ವಾರದೊಳಗೆ, ಡಾಕ್ಟರು ನೋಡಿ, ಬಸಿರು ಚೀಲದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಕೊಟ್ಟರೆ ಬಹಳ ಸುರಕ್ಷಿತ. ಅಂಗಡಿಯಿಂದ ಚೀಟಿಯಿಲ್ಲದೆ ತಂದು, ಬಾಗಿಲು ಹಾಕಿಕೊಂಡು ನುಂಗುವುದರಲ್ಲಿ ಅಪಾಯವಿದೆ. ನಳಿಕೆಯ ಬಸಿರಿಗೆ ಅವು ನಾಟುವುದೂ ಇಲ್ಲ.

ಇನ್ನೊಂದು ಮಾತು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಐರ್ಲೆಂಡಿನಲ್ಲಿ ಬೇಡವೆಂದವಳಿಗೆ ಬಸಿರು ಹೊತ್ತಿರು ಎಂದರು. ನಮ್ಮಲ್ಲಿ ಬೇಕೆಂದವಳಿಗೆ ಇಳಿಸು ಎನ್ನುತ್ತಾರೆ, ಒಳಗಿರುವುದು ಹೆಣ್ಣು ಎಂಬ ಕಾರಣಕ್ಕೆ. 2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಬಾಟಲಿಗಳಲ್ಲಿ ತುಂಬಿದ ಏಳು ಭ್ರೂಣ ಹಳ್ಳದ ಬಳಿ ಸಿಕ್ಕವು. 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಿಗೆ ಬಂತು. 1994ರ ಕಾಯಿದೆಯಲ್ಲಿ ಒಂದು ಕಲಮು ಇದೆ: ಲಿಂಗ ಪತ್ತೆ ಮಾಡಿಸಿಕೊಂಡ ಹೆಂಗಸನ್ನು ಗಂಡನೋ ಮನೆಯವರೋ ಒತ್ತಾಯಿಸಿದ್ದಾರೆಂದೇ ಕೋರ್ಟು ಮೊದಲಿಗೆ ಭಾವಿಸಬೇಕು. ಕಾಯಿದೆ ಬರೆದವರು ನಮ್ಮ ಮನೆಗಳನ್ನು ಬಲ್ಲವರಾಗಿದ್ದರು. ವಿದೇಶದಲ್ಲಿ ಹಲವೆಡೆ ಸ್ಕ್ಯಾನ್ ಮಾಡುವವರು ಕೇಳಿದರೆ ಗಂಡೋ ಹೆಣ್ಣೋ ಎಂದು ಹೇಳಿಬಿಡುತ್ತಾರೆ. ಅಲ್ಲಿಂದ ಫೋನಿನಲ್ಲಿ ಆ ಸುದ್ದಿ ಬಂದಾಗ ಇಲ್ಲಿ ನಿಮ್ಮ ದನಿ ಕುಗ್ಗಿದರೆ ಸೊಸೆಗೆ ಕೇಳಿಸುತ್ತದೆ, ನೆನಪಿಡಿ.

ಗರ್ಭಪಾತ ಪಾಪ ಎಂದು ನಂಬಿದವರ ಜೊತೆ ನನಗೆ ಜಗಳವಿಲ್ಲ. ನನ್ನ ತಾಯಿಯೂ ಹಾಗೆಯೇ ನಂಬಿದ್ದಳು, ಆ ನಂಬಿಕೆಯಲ್ಲಿ ಜೀವದ ಮೇಲಿನ ಮರುಕವೇ ಇತ್ತು. ನಾನು ಕಂಡದ್ದು ಬೇರೆ, ಹಾಗಾಗಿ ನನ್ನ ನಿಲುವು ಬೇರೆ. ನಿರ್ಧಾರ ಹೊತ್ತವಳದು ಮತ್ತು ಅವಳನ್ನು ಪರೀಕ್ಷಿಸಿದ ಡಾಕ್ಟರದು ಆಗಿರಬೇಕು. ಪ್ರಶ್ನೆ ಸುಲಭವೆಂದು ಹೇಳಲಾರೆ. 2023ರ ಅಕ್ಟೋಬರದಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳು ಇಪ್ಪತ್ತಾರು ವಾರದ ಬಸಿರು ಬೇಡವೆಂದು ಬಂದಾಗ ನಮ್ಮ ಸುಪ್ರೀಂ ಕೋರ್ಟೂ ಮೊದಲು ಒಪ್ಪಿ ವಾರದೊಳಗೆ ನಿರಾಕರಿಸಿತು. ಬಾಣಂತನದ ನಂತರ ಮುಟ್ಟೇ ಆಗದ್ದರಿಂದ ಅವಳಿಗೆ ಬಸಿರು ನಿಂತದ್ದೇ ತಡವಾಗಿ ತಿಳಿದಿತ್ತು. ಮೊಲೆಯೂಡಿಸುವಾಗ ಬಸಿರು ನಿಲ್ಲುವುದಿಲ್ಲ ಎಂದು ನಂಬಿ ಕೂತವರು ನಮ್ಮಲ್ಲಿ ಇನ್ನೂ ಇದ್ದಾರೆ. ವಾದ ಮಾಡುವವರು ಮಾಡಲಿ, ಈ ಸಣ್ಣ ತಿಳಿವಳಿಕೆ ಮೊದಲು ಮನೆಮನೆಗೆ ಮುಟ್ಟಲಿ.

ಹೊರಡುವ ಮುಂಚೆ ಇಷ್ಟು ಮಾಡಿ. ಹೋಗುವ ದೇಶದ, ಅಮೆರಿಕವಾದರೆ ಆ ರಾಜ್ಯದ ಕಾಯಿದೆ ಏನೆಂದು ಇಬ್ಬರೂ ಕೂತು ಓದಿ. ಪಕ್ಕದ ಯಾವ ರಾಜ್ಯದಲ್ಲಿ, ಯಾವ ದೇಶದಲ್ಲಿ ಕಾಯಿದೆ ಬೇರೆಯಾಗಿದೆ ಎನ್ನುವುದೂ ಗೊತ್ತಿರಲಿ. ಬಸಿರು ನಿಂತಾಗ ಮೊದಲ ಭೇಟಿಯಲ್ಲೇ ಡಾಕ್ಟರನ್ನು ಕೇಳಿ: ನಡುವೆ ನೀರು ಒಡೆದರೆ ನೀವು ಏನು ಮಾಡುತ್ತೀರಿ, ಎಷ್ಟು ಹೊತ್ತು ಕಾಯುತ್ತೀರಿ? ಆಸ್ಪತ್ರೆಯಲ್ಲಿ ಏನು ಕೇಳಿದಿರಿ, ಯಾರು ಏನು ಉತ್ತರ ಕೊಟ್ಟರು, ಎಷ್ಟು ಗಂಟೆಗೆ ಕೊಟ್ಟರು, ಗಂಡನಾದವನು ಬರೆದಿಟ್ಟುಕೊಳ್ಳಲಿ.

ಇನ್ನು ಇಲ್ಲಿ ಉಳಿಯುವ ತಾಯಂದಿರಿಗೆ. ಅವೇಳೆಯಲ್ಲಿ ಮಗಳ ಫೋನು ಬಂದರೆ ಬಾಯಿಗೆ ಮೊದಲು ಬರುವುದು “ಯಾರ ಮುಂದೂ ಹೇಳಬ್ಯಾಡ” ಎಂಬ ಮಾತು. ಅದನ್ನು ತಡೆದುಕೊಂಡು ಮೊದಲು ಕೇಳಿ: ಎಷ್ಟು ವಾರ ಆಗ್ಯಾವ? ನೀರು ಹೋಗ್ಯಾವೇನು? ಜ್ವರ, ಚಳಿ, ನಡುಕ ಅದಾವೇನು? ಹೋಗೋ ನೀರು ನಾತ ಹೊಡೀತಾವೇನು? ಕೊನೆಯ ಮೂರರಲ್ಲಿ ಒಂದಕ್ಕಾದರೂ ಹೌದು ಎಂದಳೆಂದರೆ ಬೆಳಗಾಗುವ ತನಕ ಕಾಯಿಸಬೇಡಿ. ಮನೆಯಲ್ಲಿದ್ದರೆ ಆಗಲೇ ಆಸ್ಪತ್ರೆಗೆ ಹೊರಡಲಿ. ಆಸ್ಪತ್ರೆಯಲ್ಲೇ ಇದ್ದರೆ ನಾಡಿ, ಬಿಪಿ, ಜ್ವರ ಈಗಲೇ ನೋಡಿ, ರಕ್ತದ ವರದಿ ತೋರಿಸಿ ಎಂದು ದೊಡ್ಡ ಡಾಕ್ಟರನ್ನು ಕರೆಸಿ ಕೇಳಲು ಅಳಿಯನಿಗೆ ಹೇಳಿ.